ರಾಜೇಶ್ವರಕ್ಕೆ ಟ್ಯಾಂಕ್ ಬಂದ ದಿನ

1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ.ಎನ್. ಚೌಧರಿ ಅವರ ಪಡೆ ಸೋಲಾಪುರ ಕಡೆಯಿಂದ ನಿಜಾಮನ ರಾಜ್ಯಕ್ಕೆ ನುಗ್ಗಿತು. ನಳದುರ್ಗ, ಉಮರ್ಗಾ ದಾಟಿ ಮರುದಿನ ಮಧ್ಯಾಹ್ನವೇ ನಮ್ಮ ಬಸವಕಲ್ಯಾಣ ತಾಲ್ಲೂಕಿನ ರಾಜೇಶ್ವರ ಹಿಡಿಯಿತು. ಮುಂದೆ ಹುಮನಾಬಾದ.

ಟ್ಯಾಂಕಿಗೆ ರಸ್ತೆ ಯಾಕೆ ಬೇಕು ಅಂತ ನಾವೂ ಯೋಚಿಸಿದ್ದುಂಟು. ಉಕ್ಕಿನ ಪಟ್ಟಿ ಭಾರ ಹರಡುವುದರಿಂದ ಅದು ಹೊಲದಲ್ಲೂ ಸಾಗುತ್ತದೆ. ಆದರೆ ಎಣ್ಣೆ, ಮದ್ದುಗುಂಡು ತರುವ ಲಾರಿಗಿರುವುದು ಗಾಲಿ. ಮಳೆಗಾಲದ ಎರೆ ಮಣ್ಣಿಗಿಳಿದರೆ ಅಲ್ಲೇ ಹೂತಿತು. ಟ್ರ್ಯಾಕ್ಟರ್ ಹುಗಿಸಿಕೊಂಡವರಿಗೆ ಇದನ್ನು ಹೇಳಬೇಕಿಲ್ಲ. ಹಾಗಾಗಿ ಹೊಂಚು ಹಾಕಿದವರೂ ಈ ದಾರಿಯನ್ನೇ ಕಾದರು. ಟೆಂಪೆಸ್ಟ್ ವಿಮಾನಗಳು ದಾಳಿ ಮಾಡಿ ದಾರಿ ಬಿಡಿಸಬೇಕಾಯಿತು.

ಆ ದಾರಿ ಇಂದು ರಾಷ್ಟ್ರೀಯ ಹೆದ್ದಾರಿ 65. ಅಂದು ಕಣ್ಣಾರೆ ಕಂಡ ಹುಡುಗರಿಗೆ ಈಗ ತೊಂಬತ್ತರ ಆಸುಪಾಸು. ನಿಮ್ಮ ಮನೆಯಲ್ಲಿ ಅಂಥ ಮುತ್ಯಾ ಇದ್ದರೆ ಕೇಳಿ, ಫೋನಿನಲ್ಲೇ ರೆಕಾರ್ಡ್ ಮಾಡಿ ನಮಗೆ ಕಳಿಸಿ.