ಧಾರವಾಡಕ್ಕೆ ಕಳಿಸುವ ಮಾತು, ಬಳ್ಳಾರಿಯಲ್ಲಿ ಸಿಕ್ಕ ಉತ್ತರ

ನಮ್ಮ ಕಡೆ ಯಾರಾದರೂ ತಲೆಬುಡ ಇಲ್ಲದೆ ಮಾತಾಡಿದರೆ "ಇವನ್ನ ಧಾರವಾಡಕ್ಕ ಕಳಿಸ್ರಪ್ಪಾ" ಅಂತ ನಗುತ್ತಾರೆ. ಬೆಂಗಳೂರು ಕಡೆಯವರು ಇದೇ ಮಾತಿಗೆ ನಿಮ್ಹಾನ್ಸ್ ಹೆಸರು ಹೇಳುತ್ತಾರೆ. ಎರಡೂ ಕಡೆ ಬ್ರಿಟಿಷರ ಕಾಲದಲ್ಲಿ ಹುಚ್ಚಾಸ್ಪತ್ರೆಗಳಿದ್ದವು. ನಗೆಯ ಮಾತೇ ಇರಬಹುದು, ಆದರೆ ಅದರಲ್ಲಿರುವ "ಕಳಿಸುವುದು" ಎಂಬ ಪದ ಗಮನಿಸಿ. ಮನಸ್ಸಿನ ಕಾಯಿಲೆ ಬಂದವರನ್ನು ಊರಿನಿಂದ ಆಚೆ ಕಳಿಸುವುದೇ ಬಹಳ ಕಾಲ ಚಿಕಿತ್ಸೆಯಾಗಿತ್ತು. ಅವರನ್ನು ಊರಲ್ಲೇ ಇಟ್ಟುಕೊಂಡು ಗುಣಪಡಿಸಬಹುದು ಎಂದು ಒಂದು ಇಡೀ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲಿ. ಇದು ಬಳ್ಳಾರಿಯವರಿಗೇ ಹೆಚ್ಚು ಗೊತ್ತಿಲ್ಲ.

ಬ್ರಿಟಿಷರು 1912ರಲ್ಲಿ ತಂದ ಕಾನೂನಿನ ಪ್ರಕಾರ ಹೆಚ್ಚಿನ ರೋಗಿಗಳು ಆಸ್ಪತ್ರೆಗೆ ಸೇರುತ್ತಿದ್ದುದು ಮ್ಯಾಜಿಸ್ಟ್ರೇಟರ ಆದೇಶದ ಮೇಲೆ. ಅಂದರೆ ಕಾಯಿಲೆಯೂ ಒಂದು ಪೊಲೀಸ್ ಕೇಸಿನ ಹಾಗೆ. ರೋಗಿ ಒಳಗೆ, ಮನೆಯವರು ಗೇಟಿನ ಹೊರಗೆ. ಆ ಗೇಟನ್ನು ಮೊದಲು ಸಡಿಲ ಮಾಡಿದವರಲ್ಲಿ ಪಂಜಾಬಿನ ಅಮೃತಸರದ ಡಾ. ವಿದ್ಯಾಸಾಗರ್ ಒಬ್ಬರು. 1950ರ ದಶಕದಲ್ಲಿ ಅವರು ಆಸ್ಪತ್ರೆಯ ಬಯಲಲ್ಲಿ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಮಗನನ್ನು ಹೇಗೆ ನೋಡಿಕೊಳ್ಳಬೇಕೆಂದು ಅಲ್ಲೇ ಕಲಿತ ತಾಯಿ ಅವನನ್ನು ಬಿಟ್ಟುಹೋಗದೆ ಕರೆದುಕೊಂಡೇ ಹೋಗುತ್ತಿದ್ದಳು.

ಬೆಂಗಳೂರಿನ ಹಳೆಯ ಆಸ್ಪತ್ರೆ 1954ರಲ್ಲಿ ಅಖಿಲ ಭಾರತ ಮಟ್ಟದ ತರಬೇತಿ ಸಂಸ್ಥೆಯಾಯಿತು, 1974ರಲ್ಲಿ ನಿಮ್ಹಾನ್ಸ್ ಆಯಿತು. ಅದಾದ ಸ್ವಲ್ಪದರಲ್ಲೇ ಡಾ. ಆರ್.ಎಲ್. ಕಪೂರ್ ಅವರ ಕಾಲದಲ್ಲಿ ಬನ್ನೇರುಘಟ್ಟ ರಸ್ತೆಯ ಸಕಲವಾರ ಎಂಬ ಹಳ್ಳಿಯಲ್ಲಿ ಒಂದು ಸಮುದಾಯ ಘಟಕ ಶುರುವಾಯಿತು. ಅವರ ಲೆಕ್ಕ ಸರಳವಾಗಿತ್ತು. ಹಳ್ಳಿಗೊಬ್ಬ ಮನೋವೈದ್ಯ ಸಿಗುವುದು ಕನಸು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ ಇದ್ದಾರೆ, ಮನೆಮನೆ ತಿರುಗುವ ಆರೋಗ್ಯ ಸಹಾಯಕರಿದ್ದಾರೆ. ಅವರಿಗೇ ಕಲಿಸಿದರೆ? ಹಾಗೆ ಕಲಿಸಲು ಕೈಪಿಡಿ ಬರೆದವರಲ್ಲಿ ಡಾ. ಸಿ.ಆರ್. ಚಂದ್ರಶೇಖರ್ ಕೂಡ ಇದ್ದರು. ಪೇಪರಿನಲ್ಲಿ ಅವರ ಲೇಖನ ಓದದ ಕನ್ನಡಿಗರು ಕಡಿಮೆ.

1982ರಲ್ಲಿ ದೇಶಕ್ಕೊಂದು ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನು ಜಿಲ್ಲೆಯ ಮಟ್ಟದಲ್ಲಿ ಪರೀಕ್ಷಿಸಲು ಆರಿಸಿದ್ದು ಬಳ್ಳಾರಿ. ನಡೆದದ್ದು 1985ರಿಂದ 1990ರವರೆಗೆ. ಆಗ ಇಂದಿನ ವಿಜಯನಗರ ಜಿಲ್ಲೆಯೂ ಬಳ್ಳಾರಿಯೊಳಗೇ ಇತ್ತು, ಹರಪನಹಳ್ಳಿಯೂ ಇತ್ತು. ಡಾಕ್ಟರುಗಳಿಗೆ ತಂಡತಂಡವಾಗಿ ತರಬೇತಿ ಕೊಟ್ಟರು. ಮಾತ್ರೆಗಳು ಆರೋಗ್ಯ ಕೇಂದ್ರದಲ್ಲೇ ಸಿಗುವಂತೆ ಮಾಡಿದರು. ಎಲ್ಲ ಕಾಯಿಲೆಗಳಿಗೂ ಕೈ ಹಾಕಲಿಲ್ಲ. ತೀವ್ರ ಮಾನಸಿಕ ಕಾಯಿಲೆ, ಖಿನ್ನತೆ, ಮೂರ್ಛೆರೋಗ, ಬುದ್ಧಿಮಾಂದ್ಯತೆ, ಇಷ್ಟನ್ನೇ ಮುಖ್ಯವಾಗಿ ಹಿಡಿದುಕೊಂಡರು. ಹಳ್ಳಿ ತಿರುಗುವ ಆರೋಗ್ಯ ಸಹಾಯಕರು ಇಂಥವರು ಯಾರಾದರೂ ಇದ್ದಾರಾ ಎಂದು ವಿಚಾರಿಸಬೇಕು. ಮಾತ್ರೆಗೆ ಬರಬೇಕಾದವರು ಬರದಿದ್ದರೆ ಮನೆಗೆ ಹೋಗಿ ನೋಡಬೇಕು. ನನ್ನ ಪ್ರಕಾರ ಇಡೀ ಯೋಜನೆಯ ಜೀವ ಇದ್ದದ್ದು ಈ ಕೊನೆಯ ಕೆಲಸದಲ್ಲಿ.

ಇದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುಮಾಡಿತು. ಮೊದಲು 4 ಜಿಲ್ಲೆ, ಆಮೇಲೆ ನೂರಾರು. ಹಾಗೆ ಹರಡುವಾಗ ಹುದ್ದೆ, ಶಿಬಿರ, ಮಾತ್ರೆ ಎಲ್ಲ ಹೋದವು. ಬಾಗಿಲಿಗೆ ಬಂದು "ಯಾಕವ್ವಾ, ಈ ತಿಂಗಳು ಬರಲಿಲ್ಲ?" ಎಂದು ಕೇಳುವ ಜೀವ ಮಾತ್ರ ಅಷ್ಟಾಗಿ ಹೋಗಲಿಲ್ಲ.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿತ್ತು. ಅಲ್ಲಿನ ದರ್ಗಾದ ಸುತ್ತ ರೋಗಿಗಳನ್ನು ಇಟ್ಟುಕೊಳ್ಳುವ ಖಾಸಗಿ ಆಶ್ರಯಗಳಿದ್ದವು. ಗುಡಿಸಲಲ್ಲಿ ಸರಪಳಿ ಬಿಗಿದಿದ್ದರಿಂದ ಓಡಲಾಗದೆ 28 ಜನ ಸುಟ್ಟುಹೋದರು. ಇದನ್ನು ಮೂಢನಂಬಿಕೆ ಎಂದು ಹೇಳಿ ಮುಗಿಸುವವರಿದ್ದಾರೆ. ಹತ್ತಿರದಲ್ಲಿ ಮಾತ್ರೆ ಇಲ್ಲ, ಕೇಳುವವರಿಲ್ಲ, ದಿನದ ಕೂಲಿ ಬಿಟ್ಟು ಕಾಯಲು ಆಗದು. ಅಂಥ ಮನೆಯವರು ಮತ್ತೆಲ್ಲಿ ಬಿಡಬೇಕಿತ್ತು?

ಈ ಕೂಲಿಯ ಲೆಕ್ಕವನ್ನು ನಿಮ್ಹಾನ್ಸ್‌ನವರು ಆನೇಕಲ್ ಕಡೆ ಹಾಕಿದ್ದಾರೆ. ಚಿಕಿತ್ಸೆಯನ್ನೇ ಕಾಣದ 100 ಸ್ಕಿಜೋಫ್ರೇನಿಯಾ ರೋಗಿಗಳಿಗೆ ಊರಲ್ಲೇ ಔಷಧಿ, ನೆರವು ಕೊಟ್ಟು ಒಂದೂವರೆ ವರ್ಷ, 3 ತಿಂಗಳಿಗೊಮ್ಮೆ ನೋಡಿದರು. ಕಾಯಿಲೆ ತಗ್ಗಿತು, ಮನೆಯವರು ಕಾಯುತ್ತಾ ಕೂರುವ ಹೊತ್ತೂ ತಗ್ಗಿತು. ಆ ವರದಿ ಬಂದದ್ದು 2005ರಲ್ಲಿ. ಅದೇ ಸುಮಾರಿಗೆ ತೀರ್ಥಹಳ್ಳಿ ತಾಲೂಕಿನಲ್ಲೂ ಹಳ್ಳಿಹಳ್ಳಿ ಹುಡುಕಿ ಚಿಕಿತ್ಸೆ ಕೊಡುವ ಕೆಲಸ ಶುರುವಾಯಿತು.

ಈಗ ಈ ಕ್ಷೇತ್ರದವರು ಬಳಸುವ ಮಾತು "ಚೇತರಿಕೆ". ಕಿವಿಯಲ್ಲಿ ಕೇಳುವ ದನಿ ನಿಂತಿತಾ ಎಂದಷ್ಟೇ ಕೇಳಿದರೆ ಸಾಲದು. ಹೊಲಕ್ಕೆ ಹೋಗುತ್ತಾನಾ, ದುಡ್ಡು ಅವನ ಕೈಗೇ ಕೊಡುತ್ತೀರಾ, ಮದುವೆಗೆ ಕರೆದುಕೊಂಡು ಹೋಗುತ್ತೀರಾ? ಇದನ್ನೆಲ್ಲ ಕೇಳುವವರು ಡಾಕ್ಟರಿಗಿಂತ ಹೆಚ್ಚಾಗಿ ಮನೋವೈದ್ಯಕೀಯ ಸಮಾಜಕಾರ್ಯಕರ್ತರು, ನರ್ಸುಗಳು. ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ರೋಗಿಗಳು ಕೆಲಸ ಕಲಿಯುವ ಬೇಕರಿಯೇ ಇದೆ.

ಹಳ್ಳಿಯಲ್ಲಿ ಬೇಕರಿ ಇಲ್ಲ, ಆದರೆ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. 1995ರ ಅಂಗವಿಕಲರ ಕಾಯ್ದೆಯಲ್ಲೇ ಮಾನಸಿಕ ಕಾಯಿಲೆ ಸೇರಿತ್ತು, 2016ರ ಕಾಯ್ದೆಯಲ್ಲೂ ಇದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕರೆ ಮಾಸಾಶನಕ್ಕೆ ಅರ್ಜಿ ಹಾಕಬಹುದು. ಆದರೆ ಮಗಳ ಸಂಬಂಧ ತಪ್ಪೀತು ಎಂಬ ಹೆದರಿಕೆಗೆ ಎಷ್ಟೋ ಮನೆಯವರು ಹೆಸರನ್ನೇ ಬರೆಸುವುದಿಲ್ಲ. ನಾನು ನೋಡಿದ ಪಟ್ಟಿಗಳಲ್ಲಿ ಕಾಲಿಲ್ಲದವರು, ಕಣ್ಣಿಲ್ಲದವರು ಇದ್ದರು, ಮನಸ್ಸಿನ ಕಾಯಿಲೆಯವರು ಬೆರಳೆಣಿಕೆ. ನಿಮ್ಮ ಪಂಚಾಯಿತಿಯ ಪಟ್ಟಿಯನ್ನೂ ಒಮ್ಮೆ ಕೇಳಿ ನೋಡಿ. ಫೋನಿನಲ್ಲೇ ಮಾತಾಡಬೇಕೆಂದರೆ ಸರ್ಕಾರದ ಟೆಲಿಮಾನಸ್ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.