ಕಾಕಾನ ಡ್ರಿಲ್ ಮಷಿನ್ನೂ ಮೋರ್ಸ್ ಸಾಹೇಬರೂ

ರನೌಟ್ ಅಂದ ಕೂಡಲೇ ನನ್ನ ವಯಸ್ಸಿನವರಿಗೆ 2019ರ ವಿಶ್ವಕಪ್ ಸೆಮಿಫೈನಲ್ ನೆನಪಾಗ್ತದೆ. ಗಪ್ಟಿಲ್ ಎಸೆದ ಚೆಂಡು, ತಲೆ ತಗ್ಗಿಸಿ ವಾಪಸ್ ನಡೆದ ಧೋನಿ. ವರ್ಕ್‌ಶಾಪಿನಲ್ಲಿ ಆ ಶಬ್ದಕ್ಕೆ ಬೇರೆ ಅರ್ಥ. ತಿರುಗುವ ವಸ್ತು ತನ್ನ ನಡುವಿನ ಗೆರೆಯ ಮೇಲೆ ನೆಟ್ಟಗೆ ತಿರುಗದೆ ಓಲಾಡಿದರೆ ಅದು ರನೌಟ್. ದಡ್ಡಿಯಲ್ಲಿ ನೇಗಿಲು, ಟ್ರಾಲಿ, ಗೇಟು ರಿಪೇರಿ ಮಾಡುವ ನಮ್ಮ ಕಾಕಾ ಇದನ್ನ ಇನ್ನೂ ಸರಳವಾಗಿ ಹೇಳ್ತಾರೆ: "ಚಕ್ಕು ಕುಡದಂಗ ತಿರಗತೈತಿ."

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅವರ ಹಳೇ ಡ್ರಿಲ್ ಮಷಿನ್ನನ್ನು ಗುಜರಿಗೆ ಹಾಕುವ ಮಾತು ನಡೆದಿತ್ತು. 10 ಮಿ.ಮೀ. ಬಿಟ್ ಹಾಕಿದರೆ ತೂತು ಹತ್ತೂಕಾಲು ದಾಟುತ್ತಿತ್ತು. ಬೋಲ್ಟು ಸಡಿಲ, ಸಣ್ಣ ಬಿಟ್ಟುಗಳು ಪಟಪಟ ಮುರೀತಿದ್ದವು. ಗಿರಾಕಿಗಳು ಪಕ್ಕದ ಊರಿನ ಅಂಗಡಿಗೆ ಹೋಗೋಕೆ ಶುರುಮಾಡಿದ್ದರು. ಮಷಿನ್ನು ಯಾವ ಕಂಪನಿಯದು ಅಂತ ನೋಡೋಣ ಅಂದ್ರೆ ಹೆಸರಿನ ಪಟ್ಟಿ ಎಂದೋ ಕಿತ್ತುಹೋಗಿದೆ. ಕಾಕಾ ಅದನ್ನ ತಂದದ್ದೇ ಸೆಕೆಂಡ್ ಹ್ಯಾಂಡ್.

"ಬೇರಿಂಗ್ ಹೋಗ್ಯಾವ ತಮ್ಮಾ. ವಯಸ್ಸಾತು ಅದಕ್ಕ, ನನಗ ಆದಂಗ," ಅಂದ್ರು.

ನನಗೆ ಅಭ್ಯಾಸಬಲ. ಲಾಗ್ ನೋಡದೆ ಸರ್ವರ್ ಬದಲಿಸೋದು ನನ್ನ ಜಾಯಮಾನಕ್ಕೆ ಒಗ್ಗೋದಿಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲಸ ಮಾಡುವ ಗೆಳೆಯನ ಹತ್ತಿರ ಎರಡು ದಿನಕ್ಕೆ ಲಿವರ್ ಡಯಲ್ ಇಸ್ಕೊಂಡು ಬಂದೆ. ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಅಲುಗಾಟವನ್ನೂ ಅದರ ಮುಳ್ಳು ತೋರಿಸ್ತದೆ. ಚಕ್ಕಿನಲ್ಲಿ ನೆಟ್ಟಗಿನ ಪಿನ್ ಹಿಡಿಸಿ, ಕೈಯಿಂದ ನಿಧಾನ ತಿರುಗಿಸಿದರೆ ಮುಳ್ಳು 0.40 ಓಡಾಡಿತು. ಚಕ್ಕು ಬಿಚ್ಚಿ, ಅದನ್ನು ಹೊತ್ತ ಆರ್ಬರ್ ಮೇಲೆ ಇಟ್ಟರೆ 0.18. ಆರ್ಬರನ್ನೂ ಹೊಡೆದು ತೆಗೆದು, ಸ್ಪಿಂಡಲ್ಲಿನ ಒಳಗಿನ ಗೋಡೆಗೆ ಮುಟ್ಟಿಸಿದರೆ ಬರೀ 0.02. ಸ್ಪಿಂಡಲ್ ಹಿಡಿದು ಅತ್ತಿತ್ತ ನೂಕಿ ನೋಡಿದೆ, ಮುಳ್ಳು ಹೆಚ್ಚುಕಮ್ಮಿ ಕದಲಲೇ ಇಲ್ಲ. ಅಂದ್ರೆ ಬೇರಿಂಗ್ ನಿರಪರಾಧಿ. ತಪ್ಪು ನಡುವಿನ ಜೋಡಣೆಗಳಲ್ಲಿತ್ತು. ಆ ಜೋಡಣೆಗಳ ಇತಿಹಾಸ ಹುಡುಕುತ್ತಾ ಹೋದರೆ 19ನೇ ಶತಮಾನದ ಅಮೆರಿಕಕ್ಕೆ ಮುಟ್ಟುತ್ತೇವೆ.

ಸ್ಟೀಫನ್ ಆಂಬ್ರೋಸ್ ಮೋರ್ಸ್ ಎಂಬಾತ 1863ರಲ್ಲಿ ಟ್ವಿಸ್ಟ್ ಡ್ರಿಲ್ಲಿಗೆ, ಅಂದ್ರೆ ನಾವು ಇವತ್ತು ಬಳಸುವ ಸುರುಳಿ ಬಿಟ್ಟಿಗೆ ಪೇಟೆಂಟ್ ಪಡೆದ. ಮರುವರ್ಷ ಮ್ಯಾಸಚೂಸೆಟ್ಸಿನ ನ್ಯೂ ಬೆಡ್‌ಫರ್ಡಿನಲ್ಲಿ ಕಂಪನಿ ಆಯ್ತು. ಒಳ್ಳೇ ಬಿಟ್ ಮಾಡಿದರೆ ಸಾಲದು, ಅದನ್ನ ಮಷಿನ್ನಿಗೆ ನೆಟ್ಟಗೆ ಕೂಡಿಸಬೇಕಲ್ಲ? ಅದಕ್ಕೆ ಬಂದದ್ದು ಮೋರ್ಸ್ ಟೇಪರ್. 20 ಮಿ.ಮೀ. ಉದ್ದಕ್ಕೆ ಸುಮಾರು 1 ಮಿ.ಮೀ. ವ್ಯಾಸ ಕಡಿಮೆಯಾಗುತ್ತಾ ಹೋಗುವ ಕೋನ. ಅದೇ ಇಳಿಜಾರಿನ ಗೂಡಿನೊಳಗೆ ಒಂದೇಟು ಹಾಕಿ ಕೂರಿಸಿದರೆ ಸ್ಕ್ರೂ ಬೇಡ, ಬೋಲ್ಟು ಬೇಡ. ಬರೀ ತಿಕ್ಕಾಟದ ಬಲದಿಂದ ಕಚ್ಚಿಕೊಳ್ತದೆ, ತಾನೇ ನಡುವಿಗೆ ಬಂದು ಕೂರ್ತದೆ.

ಇದರಲ್ಲಿ ಒಂದು ತಮಾಷೆ ಇದೆ. 0ಯಿಂದ 7ರವರೆಗೆ ಇರುವ ಮೋರ್ಸ್ ಸೈಜುಗಳಿಗೆಲ್ಲ ಒಂದೇ ಇಳಿಜಾರು ಇರಬೇಕಿತ್ತು ಅಲ್ವಾ? ಇಲ್ಲ. ಒಂದೊಂದಕ್ಕೂ ಸ್ವಲ್ಪ ಸ್ವಲ್ಪ ವ್ಯತ್ಯಾಸ. ಆದರೆ ಅಷ್ಟರಲ್ಲಿ ಲೆಕ್ಕವಿಲ್ಲದಷ್ಟು ಮಷಿನ್ನುಗಳು ಅದೇ ಅಳತೆಯಲ್ಲಿ ಓಡ್ತಿದ್ದವು. ಸರಿ ಮಾಡಲು ಹೋದರೆ ಎಲ್ಲವೂ ಕೆಟ್ಟಾವು ಅಂತ ಹಾಗೇ ಉಳಿಸಿಕೊಂಡರು. ಇವತ್ತಿನ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡಿನಲ್ಲೂ ಆ ಸೊಟ್ಟ ಹಾಗೇ ಇದೆ. ಲೆಗಸಿ ಕೋಡ್ ಬಗ್ಗೆ ಗೊಣಗುವ ನಮ್ಮಂಥವರು ಇದಕ್ಕೊಂದು ನಮಸ್ಕಾರ ಹಾಕಬೇಕು.

ಚಕ್ಕಿನ ಕತೆ ಇನ್ನೂ ಈಚಿನದು. ಚಾವಿ ಹಾಕಿ ತಿರುಗಿಸಿದರೆ ಮೂರು ದವಡೆ ಒಟ್ಟಿಗೆ ಬಿಗಿಯುವ ಚಕ್ಕಿಗೆ ಆರ್ಥರ್ ಜೇಕಬ್ಸ್ 1902ರಲ್ಲಿ ಪೇಟೆಂಟ್ ಪಡೆದ. ಹಳೇ ಚಕ್ಕು ಬಿಗಿಯುವಾಗ ಕೈಗೆಣ್ಣು ತರಚಿಕೊಂಡ ಸಿಟ್ಟಿನಲ್ಲಿ ಇದು ಹೊಳೆಯಿತು ಅನ್ನೋದು ಪ್ರಚಲಿತ ಕತೆ.

ಯಂತ್ರದ ಈ ವಿದ್ಯೆ ನಮ್ಮ ಕಡೆಗೂ ಬಂತು. ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದವರು. 1910ರಲ್ಲಿ ಅವರು ಕಿರ್ಲೋಸ್ಕರವಾಡಿಗೆ ಹೋದರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತ್ ಮಾಡಿತು. 1953ರಲ್ಲಿ ಸ್ವಿಸ್ ಕಂಪನಿ ಓರ್ಲಿಕಾನ್ ಜೊತೆಗೂಡಿ ಬೆಂಗಳೂರಿನಲ್ಲಿ ಎಚ್‌ಎಂಟಿ ಹುಟ್ಟಿತು. ಯಂತ್ರ ಮಾಡುವ ಯಂತ್ರಗಳಿಗಾಗಿಯೇ ಒಂದು ಸಂಶೋಧನಾ ಸಂಸ್ಥೆ, ಸಿಎಂಟಿಐ, 1962ರಲ್ಲಿ ಬೆಂಗಳೂರಿಗೇ ಬಂತು. ಈ ಊರು ಸಾಫ್ಟ್‌ವೇರಿಗೆ ಮೊದಲು ಮೈಕ್ರಾನ್ ಲೆಕ್ಕದಲ್ಲಿ ಬದುಕಿತ್ತು ಅನ್ನೋದು ನಮಗೆ ಅಷ್ಟಾಗಿ ನೆನಪಿಲ್ಲ. ಇಲ್ಲಿ ತಯಾರಾದ ಲೇತುಗಳ ಟೇಲ್‌ಸ್ಟಾಕಿನ ಒಳಗೂ ಇದ್ದದ್ದು ಅದೇ ಮೋರ್ಸ್ ಟೇಪರ್. ಹರಿಹರದ ಆ ಕಾರ್ಖಾನೆ ಈಗ ಮುಚ್ಚಿದೆ. ಅದು ಮಾಡಿದ ಲೇತಿಗೆ ಸೆಂಟರ್ ಬೇಕಾದರೆ ಮಾತ್ರ ಇವತ್ತಿಗೂ ಅಂಗಡಿಯಲ್ಲಿ ಸಿಗ್ತದೆ.

ಕಾಕಾನ ಮಷಿನ್ನಿಗೆ ಮರಳಿ ಬರ್ತೀನಿ. ಆರ್ಬರಿಗೆ ತೆಳ್ಳಗೆ ನೀಲಿ ಬಣ್ಣ ಸವರಿ, ಸ್ಪಿಂಡಲ್ಲಿಗೆ ಹಾಕಿ ತೆಗೆದೆವು. ಸರಿಯಾಗಿ ಕೂತಿದ್ದರೆ ಉದ್ದಕ್ಕೂ ಬಣ್ಣ ಅಂಟಬೇಕು. ನಮಗೆ ಅಂಟಿದ್ದು ಬಾಯಿಯ ಹತ್ತಿರ ಮಾತ್ರ. ಯಾರೋ ಎಂದೋ ಸುತ್ತಿಗೆಯಿಂದ ಬಡಿದು ಬಾಯಲ್ಲಿ ಸಣ್ಣ ಮುಳ್ಳು ಎದ್ದಿತ್ತು. ಹಾಗಾಗಿ ಗಟ್ಟಿ ಕೂರದ ಆರ್ಬರ್ ಕೆಲಸದ ನಡುವೆ ಜಾರಿ ತಿರುಗಿ, ಮೈತುಂಬ ಗೀರು ಮಾಡಿಕೊಂಡಿತ್ತು. ಮುಳ್ಳನ್ನು ಎಣ್ಣೆಗಲ್ಲಿನಿಂದ ಉಜ್ಜಿ ಸಮ ಮಾಡಿದೆವು. ಒಳಗಿನ ಜಿಡ್ಡು ಸೀಮೆಎಣ್ಣೆಯಲ್ಲಿ ತೊಳೆದೆವು. ಆರ್ಬರ್ ಮಾತ್ರ ಹೊಸದೇ ಬೇಕಿತ್ತು.

ಬೆಳಗಾವಿಯ ಅಂಗಡಿಯಾತ ಮಷಿನ್ನು ಯಾವ ಕಂಪನಿ, ಯಾವ ಇಸವಿ ಅಂತ ಕೇಳಲೇ ಇಲ್ಲ. "ಎಂಟಿ-2 ಏನ್ರಿ? ಚಕ್ಕಿನ ಕಡೆ ಬಿ-16?" ಅಷ್ಟೇ ಪ್ರಶ್ನೆ. ರಾತ್ರಿ ಹಸಿವಾದಾಗ ನಾವು ಆರ್ಡರ್ ಮಾಡುವ ಬಿರಿಯಾನಿಯ ದುಡ್ಡಿನಲ್ಲಿ ಕೆಲಸ ಮುಗಿಯಿತು. ಅದೇ ಹೊತ್ತಿಗೆ ನನ್ನ ಬ್ಯಾಗಿನಲ್ಲಿದ್ದ ಆರು ವರ್ಷದ ಲ್ಯಾಪ್‌ಟಾಪಿಗೆ ಬ್ಯಾಟರಿ ಎಲ್ಲೂ ಸಿಕ್ಕಿರಲಿಲ್ಲ. ಅದರ ಕಂಪನಿ ಜೀವಂತ ಇದೆ, ಹೆಸರಿನ ಪಟ್ಟಿಯೂ ಫಳಫಳ ಹೊಳೀತದೆ.

ದವಡೆಗಳನ್ನು ಪೂರ್ತಿ ಒಳಗೆಳೆದು, ಮರದ ಕೊಡತಿಯಿಂದ ಚಕ್ಕನ್ನು ಮೇಲಕ್ಕೆ ಒಂದೇಟು ಹಾಕಿ ಕೂರಿಸಿದೆವು. ಮತ್ತೆ ಡಯಲ್ ಇಟ್ಟೆ. 0.07. ಇನ್ನೂ ಇಳಿಸೋಣ ಅಂತ ನಾನು ಆರ್ಬರಿನ ಮೇಲೆ ಚಕ್ಕನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಲು ಹೊರಟೆ. ಕಾಕಾ ತಡೆದರು. "ಸಾಕೋ ತಮ್ಮಾ, ನಾವೇನ್ ವಿಮಾನ ಮಾಡೂದೈತೇನ?" ಪಟ್ಟಿಯೊಂದಕ್ಕೆ ತೂತು ಕೊರೆದು ಬೋಲ್ಟು ಇಳಿಸಿದರು. ಅಲುಗಾಡದೆ ಕೂತಿತು.

ಸಂಜೆ ಚಹಾ ಕುಡೀತಾ ಕೇಳಿದರು, "ಆ ಮೋರ್ಸ್ ಅಂಬಾಂವ ಯಾವ ಊರಾಂವ?"

"ಅಮೆರಿಕಾದಾಂವ ಕಾಕಾ. ಸತ್ತು ಭಾಳ ವರ್ಷ ಆತ್ರಿ."

"ಚಲೋ ಮನಷಾ," ಅಂದವರು ಹಳೇ ಆರ್ಬರನ್ನು ಒರೆಸಿ, ಗೋಡೆಯ ಹಲಗೆ ಮೇಲೆ ಎತ್ತಿಟ್ಟರು.