ವನಸ್ಪತಿಯ ಚರಿತ್ರೆ ಮತ್ತು ಶ್ರಾವಕನ ಆಹಾರವಿವೇಕ

ಜೈನಾಚಾರ ಗ್ರಂಥಗಳಲ್ಲಿ ಆಹಾರದ ವಿಚಾರವು ಬಹು ವಿಸ್ತಾರವಾದ ಸ್ಥಾನವನ್ನು ಪಡೆದಿದೆ. ಏನನ್ನು ಉಣ್ಣಬೇಕು, ಏನನ್ನು ಬಿಡಬೇಕು, ಯಾವ ವೇಳೆಯಲ್ಲಿ ಉಣ್ಣಬೇಕು, ಮಾಡಿದ ಪದಾರ್ಥವು ಎಷ್ಟು ಕಾಲ ಸೇವನೆಗೆ ಯೋಗ್ಯವಾಗಿರುತ್ತದೆ ಎಂಬ ಪ್ರಶ್ನೆಗಳನ್ನು ನಮ್ಮ ಪೂರ್ವಾಚಾರ್ಯರು ಸೂಕ್ಷ್ಮವಾಗಿ ಪರಾಮರ್ಶಿಸಿದ್ದಾರೆ. ಇಂದು ಜಗತ್ತಿನಾದ್ಯಂತ ಕಾರ್ಖಾನೆಯ ಆಹಾರವನ್ನು ಕುರಿತು ನಡೆಯುತ್ತಿರುವ ವಾದವಿವಾದಗಳನ್ನು ಗಮನಿಸಿದರೆ ಇವೇ ಪ್ರಶ್ನೆಗಳು ಬೇರೆ ಮಾತಿನಲ್ಲಿ ಮತ್ತೆ ಎದ್ದಿರುವುದು ಕಂಡುಬರುತ್ತದೆ. ಈ ವಿಷಯವನ್ನು ಸಾಮಾನ್ಯವಾಗಿ ಚರ್ಚಿಸುವುದಕ್ಕಿಂತ, ನಮ್ಮ ದೇಶದ ಅಡುಗೆಮನೆಗಳನ್ನು ಮುಕ್ಕಾಲು ಶತಮಾನ ಕಾಲ ಆಳಿದ ಒಂದು ಪದಾರ್ಥದ, ಎಂದರೆ ವನಸ್ಪತಿಯ, ಚರಿತ್ರೆಯನ್ನು ನೋಡುವುದು ಹೆಚ್ಚು ಬೋಧಪ್ರದವಾದೀತು. ಮಾಂಸದ ಲೇಶವೂ ಇಲ್ಲದ ಪದಾರ್ಥವೊಂದು ಹಿತಕರವೂ ಆಗಿರಲೇಬೇಕೆಂಬ ನಿಯಮವಿಲ್ಲ ಎಂಬುದನ್ನು ಈ ಚರಿತ್ರೆ ಸ್ಪಷ್ಟಪಡಿಸುತ್ತದೆ.

ಶಾಸ್ತ್ರಕಾರರ ದೃಷ್ಟಿ

ಶ್ರಾವಕನು ತ್ಯಜಿಸಬೇಕಾದ ಅಭಕ್ಷ್ಯಗಳನ್ನು ಪರಂಪರೆಯು ಐದು ಬಗೆಯಾಗಿ ವಿಂಗಡಿಸಿದೆ: ತ್ರಸಜೀವಿಗಳ ಘಾತದಿಂದ ಬರುವವು, ಅಲ್ಪಫಲಕ್ಕಾಗಿ ಬಹುಜೀವಿಗಳ ಘಾತವಾಗುವಂಥವು, ಪ್ರಮಾದವನ್ನುಂಟುಮಾಡುವವು, ಅನಿಷ್ಟವಾದವು ಮತ್ತು ಅನುಪಸೇವ್ಯವಾದವು. ಮೊದಲ ಮೂರನ್ನು ನಮ್ಮ ಮನೆಯ ಮಕ್ಕಳೂ ಬಲ್ಲರು. ಮದ್ಯ, ಮಾಂಸ, ಮಧು, ಕಂದಮೂಲಗಳು ಏಕೆ ವರ್ಜ್ಯವೆಂದು ಅವರಿಗೆ ಬೇರೆ ಹೇಳಬೇಕಾಗಿಲ್ಲ. ಆದರೆ ನಾಲ್ಕನೆಯದಾದ ‘ಅನಿಷ್ಟ’ವು ನಮ್ಮ ಗಮನದಿಂದ ಜಾರಿಹೋಗುವುದುಂಟು. ಪದಾರ್ಥವು ತನ್ನಷ್ಟಕ್ಕೆ ಭಕ್ಷ್ಯವೇ ಆಗಿದ್ದರೂ ಉಣ್ಣುವವನ ದೇಹಕ್ಕೆ ಅಹಿತವನ್ನುಂಟುಮಾಡುವುದಾದರೆ ಅದು ಅನಿಷ್ಟ. ಅದನ್ನೂ ಬಿಡಬೇಕೆಂಬುದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ಅಭಿಪ್ರಾಯ. ಹಿಂಸೆಯ ಪ್ರಶ್ನೆಯ ಪಕ್ಕದಲ್ಲಿಯೇ ಹಿತದ ಪ್ರಶ್ನೆಯನ್ನೂ ಇಟ್ಟಿರುವುದು ಆಚಾರ್ಯರ ದೂರದೃಷ್ಟಿ.

ಇದೇ ದೃಷ್ಟಿ ವೈದ್ಯಶಾಸ್ತ್ರದಲ್ಲಿಯೂ ಬೆಳೆಯಿತು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿ, ಮದ್ಯ ಮಾಂಸ ಮಧುಗಳಿಲ್ಲದೆಯೇ ಚಿಕಿತ್ಸೆ ಸಾಧ್ಯವೆಂಬುದನ್ನು ಪ್ರತಿಪಾದಿಸಿದರು. ಅದರ ಕೊನೆಯಲ್ಲಿರುವ ಮಾಂಸಾಹಾರ ಖಂಡನೆಯ ಪ್ರಕರಣಕ್ಕೆ ‘ಹಿತಾಹಿತಾಧ್ಯಾಯ’ ಎಂದೇ ಹೆಸರು. ಆಚಾರ್ಯರು ವೈದ್ಯರ ಮುಂದೆ ವೈದ್ಯರ ಭಾಷೆಯಲ್ಲಿಯೇ ಮಾತನಾಡಿದರೆಂಬುದನ್ನು ಈ ಹೆಸರೇ ಸೂಚಿಸುತ್ತದೆ. ಹದಿನಾರನೆಯ ಶತಮಾನದಲ್ಲಿ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸನು ಕನ್ನಡದಲ್ಲಿ ‘ಸೂಪಶಾಸ್ತ್ರ’ವನ್ನು ರಚಿಸಿ ಸಸ್ಯಾಹಾರದ ಪಾಕವೈವಿಧ್ಯವನ್ನು ವರ್ಣಿಸಿದನು. ಹೀಗೆ ತ್ಯಾಗವೂ ಆರೋಗ್ಯವೂ ರುಚಿಯೂ ಒಂದೇ ಪರಂಪರೆಯಲ್ಲಿ ಕೂಡಿ ನಡೆದಿವೆ.

ಗೃಹಿಣಿಯರ ನಿತ್ಯವ್ಯವಹಾರದಲ್ಲಿ ಈ ವಿವೇಕವು ‘ಮರ್ಯಾದೆ’ ಎಂಬ ಹೆಸರಿನಲ್ಲಿ ನೆಲೆಗೊಂಡಿತು. ಸೋಸಿದ ನೀರಿಗೆ ಎರಡು ಘಳಿಗೆ, ಅಂದರೆ 48 ನಿಮಿಷ. ಬೀಸಿದ ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ. ಕಡೆದು ತೆಗೆದ ಬೆಣ್ಣೆಯನ್ನು ಅಂತರ್ಮುಹೂರ್ತ ಕಳೆಯುವುದರೊಳಗೆ ಕಾಯಿಸಿ ತುಪ್ಪ ಮಾಡಬೇಕೆಂಬುದು ಮತ್ತೊಂದು ನಿಯಮ. ಈ ವ್ಯವಸ್ಥೆ ನಡೆಯುವುದಕ್ಕೆ ಒಂದು ಆಧಾರವಿತ್ತು. ಬೀಸಿದವರು, ಕಡೆದವರು, ಕಾಯಿಸಿದವರು ಮನೆಯವರೇ ಆಗಿದ್ದುದರಿಂದ ಪದಾರ್ಥದ ಮೂಲವೂ ಕಾಲವೂ ಕ್ರಮವೂ ಮನೆಯವರಿಗೆ ತಿಳಿದಿರುತ್ತಿತ್ತು. ಆ ಆಧಾರವನ್ನೇ ಕಾರ್ಖಾನೆಯ ಡಬ್ಬಿಯು ಕದಲಿಸಿತು.

ಡಬ್ಬಿಯೊಳಗಣ ತುಪ್ಪ

ಬೆಣ್ಣೆಗೆ ಬದಲಿಯನ್ನು ಹುಡುಕುವ ಯತ್ನ ಮೊದಲಾದುದು ಯೂರೋಪಿನಲ್ಲಿ. 1869ರಲ್ಲಿ ಫ್ರಾನ್ಸಿನ ಮೇಜ್ ಮೂರಿಯೆಸ್ ಎಂಬ ರಸಾಯನಜ್ಞನು ದನದ ಕೊಬ್ಬಿನಿಂದ ಮಾರ್ಗರೀನ್ ತಯಾರಿಸಿದನು. ಮುಂದೆ ಪಾಲ್ ಸಬಾಟಿಯೆ ಎಂಬ ವಿಜ್ಞಾನಿಯು ನಿಕ್ಕಲ್ ಲೋಹದ ಸನ್ನಿಧಿಯಲ್ಲಿ ಜಲಜನಕವನ್ನು ಇತರ ವಸ್ತುಗಳೊಡನೆ ಸಂಯೋಗಗೊಳಿಸುವ ವಿಧಾನವನ್ನು ಕಂಡುಹಿಡಿದು 1912ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಜರ್ಮನಿಯ ವಿಲ್‌ಹೆಲ್ಮ್ ನಾರ್ಮನ್ ಈ ತತ್ತ್ವವನ್ನು ಎಣ್ಣೆಗಳಿಗೆ ಅನ್ವಯಿಸಿ 1902ರಲ್ಲಿ ಹಕ್ಕುಪತ್ರವನ್ನು ಪಡೆದನು. ಕಾದ ಎಣ್ಣೆಯಲ್ಲಿ ನಿಕ್ಕಲ್ ಪುಡಿಯನ್ನು ಬೆರೆಸಿ ಜಲಜನಕವನ್ನು ಹಾಯಿಸಿದರೆ ದ್ರವರೂಪದ ಎಣ್ಣೆ ಗಟ್ಟಿಯಾಗುತ್ತದೆ, ಬೇಗ ಕಮಟಾಗುವುದಿಲ್ಲ. ಅಗ್ಗದ ಎಣ್ಣೆಯು ತುಪ್ಪದ ರೂಪವನ್ನು ತಳೆಯುವ ಮಾರ್ಗ ಹೀಗೆ ತೆರೆಯಿತು.

ಭಾರತಕ್ಕೆ ಈ ಪದಾರ್ಥ ಮೊದಲು ಹಡಗಿನಲ್ಲಿ ಬಂದಿತು. 1930ರ ದಶಕದಲ್ಲಿ ಇಲ್ಲಿಯೇ ಕಾರ್ಖಾನೆಗಳು ಎದ್ದವು. 1937ರಲ್ಲಿ ‘ಡಾಲ್ಡಾ’ ಎಂಬ ಮುದ್ರೆಯ ವನಸ್ಪತಿ ಪೇಟೆಗೆ ಬಂದು, ಹಳದಿ ಡಬ್ಬಿಯ ಮೇಲಣ ತಾಳೆಮರದ ಚಿತ್ರವು ಊರೂರಿಗೂ ಪರಿಚಿತವಾಯಿತು. ತುಪ್ಪದ ಬೆಲೆಯನ್ನು ತೆರಲಾರದ ಕುಟುಂಬಗಳಿಗೆ ಇದು ವರವೆಂಬಂತೆ ತೋರಿದುದು ಸಹಜ. ಸಸ್ಯಜನ್ಯವೆಂದು ಹೆಸರೇ ಸಾರುತ್ತಿದ್ದುದರಿಂದ ಸಸ್ಯಾಹಾರಿಗಳಿಗೆ ಆಕ್ಷೇಪಣೆಗೆ ಕಾರಣವೂ ಕಾಣಲಿಲ್ಲ.

ನಿಷೇಧದ ಕೂಗು ಮತ್ತು ಎಳ್ಳೆಣ್ಣೆಯ ಗುರುತು

ಆದರೂ ವಿರೋಧವು ಬೇಗನೆ ಮೊಳೆಯಿತು. 1940ರ ದಶಕದಲ್ಲಿ ಗಾಂಧೀಜಿಯವರು ‘ಹರಿಜನ’ ಪತ್ರಿಕೆಯಲ್ಲಿ ವನಸ್ಪತಿಯನ್ನು ಕಟುವಾಗಿ ಟೀಕಿಸಿದರು. ಅದು ತುಪ್ಪದ ವೇಷವನ್ನು ಧರಿಸಿ ಜನರನ್ನು ವಂಚಿಸುತ್ತದೆಂಬುದು ಅವರ ಮುಖ್ಯ ಆಕ್ಷೇಪಣೆ. ವ್ಯಾಪಾರಿಗಳು ತುಪ್ಪಕ್ಕೆ ವನಸ್ಪತಿಯನ್ನು ಬೆರೆಸಿ ಮಾರುತ್ತಿದ್ದುದರಿಂದ ಹಸುಎಮ್ಮೆಗಳನ್ನು ನಂಬಿದ ರೈತನಿಗೂ ನಷ್ಟ, ಕೊಳ್ಳುವವನಿಗೂ ಮೋಸ. ಸ್ವಾತಂತ್ರ್ಯ ಬಂದ ಬಳಿಕ ಪಂಡಿತ ಠಾಕುರದಾಸ ಭಾರ್ಗವರು ವನಸ್ಪತಿಯ ತಯಾರಿಕೆ ಮತ್ತು ಮಾರಾಟವನ್ನು ನಿಷೇಧಿಸುವ ಮಸೂದೆಯನ್ನು ಶಾಸನಸಭೆಯ ಮುಂದಿಟ್ಟರು. ದೇಶದ ಸಂಶೋಧನಾಲಯಗಳಲ್ಲಿ ಇಲಿಗಳ ಮೇಲೆ ಪ್ರಯೋಗಗಳು ನಡೆದವು. ಪರ ವಿರೋಧ ಪಕ್ಷಗಳೆರಡೂ ಅವುಗಳಿಂದಲೇ ಪ್ರಮಾಣಗಳನ್ನು ಎತ್ತಿಕೊಂಡವು. ಕಡೆಗೆ ನಿಷೇಧದ ಮಸೂದೆ ಶಾಸನವಾಗಲಿಲ್ಲ.

ನಿಷೇಧಕ್ಕೆ ಬದಲಾಗಿ ನಿಯಂತ್ರಣ ಬಂದಿತು. 1954ರ ಆಹಾರ ಕಲಬೆರಕೆ ತಡೆ ಕಾಯಿದೆಯ ನಿಯಮಗಳ ಪ್ರಕಾರ ವನಸ್ಪತಿಯಲ್ಲಿ ನೂರಕ್ಕೆ 5 ಭಾಗ ಎಳ್ಳೆಣ್ಣೆ ಇರಲೇಬೇಕಾಯಿತು. ಎಳ್ಳೆಣ್ಣೆ ಇದ್ದರೆ ಬಾಡೊಯಿನ್ ಪರೀಕ್ಷೆಯಲ್ಲಿ ಕೆಂಪು ಬಣ್ಣ ಮೂಡುತ್ತದೆ. ತುಪ್ಪಕ್ಕೆ ವನಸ್ಪತಿಯನ್ನು ಬೆರೆಸಿದವನು ಈ ಬಣ್ಣದಿಂದಲೇ ಸಿಕ್ಕಿಬೀಳುವಂತಾಯಿತು. ತುಪ್ಪದಲ್ಲಿ ಸಹಜವಾಗಿರುವ ‘ಎ’ ಜೀವಸತ್ತ್ವವನ್ನು ವನಸ್ಪತಿಗೆ ಗ್ರಾಮಿಗೆ 25 ಏಕಮಾನದಂತೆ ಕೃತಕವಾಗಿ ಸೇರಿಸಬೇಕೆಂಬ ವಿಧಿಯೂ ಬಂದಿತು. ಈ ಎರಡು ನಿಯಮಗಳಿಂದ ಮೋಸದ ಪ್ರಶ್ನೆಗೂ ಪೋಷಣೆಯ ಪ್ರಶ್ನೆಗೂ ಪರಿಹಾರ ದೊರೆಯಿತೆಂದು ಆ ಕಾಲದ ಬಹುಮಂದಿ ಭಾವಿಸಿದರು.

ಬದಲಾದ ಉಪದೇಶ

ಅದೇ ಕಾಲಕ್ಕೆ ಪಾಶ್ಚಾತ್ಯ ದೇಶಗಳಲ್ಲಿ ಹೃದ್ರೋಗದ ಭೀತಿ ಹಬ್ಬಿತ್ತು. ಪ್ರಾಣಿಜನ್ಯ ಕೊಬ್ಬನ್ನು ಕಡಿಮೆಮಾಡಿ ಸಸ್ಯದ ಎಣ್ಣೆಗಳನ್ನು ಬಳಸಿರೆಂದು ಅಮೆರಿಕದ ಹೃದ್ರೋಗ ಸಂಸ್ಥೆಯು 1961ರಲ್ಲಿ ಉಪದೇಶಿಸಿತು. ಬೆಣ್ಣೆಗಿಂತ ಮಾರ್ಗರೀನ್ ಮೇಲೆಂಬ ಮಾತು ಮನೆಮಾತಾಯಿತು. ಎಣ್ಣೆಯನ್ನು ಅರೆಬರೆಯಾಗಿ ಗಟ್ಟಿಮಾಡುವಾಗ ಅದರ ಅಣುಗಳಲ್ಲಿ ಕೆಲವು ತಮ್ಮ ಸಹಜವಾದ ಬಾಗನ್ನು ಕಳೆದುಕೊಂಡು ನೆಟ್ಟಗಾಗುತ್ತವೆ ಎಂಬ ಸಂಗತಿಯ ಕಡೆಗೆ ಹೆಚ್ಚಿನವರ ಲಕ್ಷ್ಯ ಹೋಗಲಿಲ್ಲ. ಇವನ್ನೇ ಟ್ರಾನ್ಸ್ ಕೊಬ್ಬು ಎನ್ನುತ್ತಾರೆ. ಫ್ರೆಡ್ ಕುಮ್ಮೆರೋ ಎಂಬ ಅಮೆರಿಕದ ವಿಜ್ಞಾನಿ 1957ರಲ್ಲಿಯೇ ಮನುಷ್ಯರ ಅಂಗಾಂಶಗಳಲ್ಲಿ ಇವು ಸೇರಿಕೊಂಡಿರುವುದನ್ನು ಪ್ರಕಟಿಸಿದನು. 1990ರಲ್ಲಿ ಹಾಲೆಂಡಿನ ಮೆನ್ಸಿಂಕ್ ಮತ್ತು ಕಾಟಾನ್ ಎಂಬ ಸಂಶೋಧಕರು, ಟ್ರಾನ್ಸ್ ಕೊಬ್ಬು ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆಂದು ತೋರಿಸಿದ ಮೇಲೆ ವಾದದ ದಿಕ್ಕೇ ಬದಲಾಯಿತು.

2003ರಲ್ಲಿ ಡೆನ್ಮಾರ್ಕ್ ದೇಶವು ಕಾರ್ಖಾನೆಯ ಟ್ರಾನ್ಸ್ ಕೊಬ್ಬಿಗೆ ನೂರಕ್ಕೆ 2ರ ಮಿತಿಯನ್ನು ಮೊದಲಾಗಿ ವಿಧಿಸಿತು. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಇದರ ನಿರ್ಮೂಲನಕ್ಕೆ ಕರೆಯಿತ್ತಿತು. ಭಾರತದಲ್ಲಿ ಎಣ್ಣೆ ಹಾಗೂ ಕೊಬ್ಬುಗಳಿಗೆ 2021ರಲ್ಲಿ ನೂರಕ್ಕೆ 3, 2022ರ ಜನವರಿಯಿಂದ ನೂರಕ್ಕೆ 2 ಎಂಬ ಮಿತಿ ಜಾರಿಗೆ ಬಂದಿತು. 1937ರಿಂದ ಎಣಿಸಿದರೆ ಇದಕ್ಕೆ 85 ವರ್ಷ ಹಿಡಿಯಿತು.

ಈ ಕಥೆಯಿಂದ ವಿಜ್ಞಾನವೇ ಅವಿಶ್ವಸನೀಯವೆಂಬ ತೀರ್ಮಾನಕ್ಕೆ ಬರುವುದು ಯುಕ್ತವಲ್ಲ. ದೋಷವನ್ನು ಕಂಡುಹಿಡಿದುದೂ ವಿಜ್ಞಾನವೇ. ವನಸ್ಪತಿ ಸೋತುದರಿಂದ ತುಪ್ಪಕ್ಕೆ ಮಿತಿ ಬೇಡವೆಂದೂ ಆಗುವುದಿಲ್ಲ. ತುಪ್ಪದಲ್ಲಿಯೂ ಸಾಂದ್ರ ಕೊಬ್ಬು ಹೇರಳವಾಗಿದೆ. ಒಂದು ಕಾಲದ ಪೋಷಣಾ ವಿಜ್ಞಾನವು ತನಗೆ ತಿಳಿದಷ್ಟನ್ನು ಮಾತ್ರ ಹೇಳಬಲ್ಲುದು ಎಂಬುದಷ್ಟೇ ಇಲ್ಲಿಯ ಪಾಠ. ಅನೇಕಾಂತವನ್ನು ಬಲ್ಲ ಸಮಾಜಕ್ಕೆ ಇದು ಹೊಸ ಮಾತಲ್ಲ.

ಹಸಿರು ಚುಕ್ಕೆಯ ಪೂರ್ವೋತ್ತರ

ಹಿತದ ಪ್ರಶ್ನೆ ಇನ್ನೂ ಪ್ರಯೋಗಶಾಲೆಯಲ್ಲಿದ್ದಾಗಲೇ ಹಿಂಸೆಯ ಪ್ರಶ್ನೆಯು ದಾರುಣವಾಗಿ ಎದುರಾಯಿತು. 1983ರಲ್ಲಿ, ಪರದೇಶಗಳಿಂದ ತರಿಸಿದ ದನದ ಕೊಬ್ಬು ವನಸ್ಪತಿಯಲ್ಲಿ ಬೆರೆತಿದೆಯೆಂಬ ವಾರ್ತೆ ಹಬ್ಬಿ ದೇಶವೇ ತಲ್ಲಣಿಸಿತು. ಸಂಸತ್ತಿನಲ್ಲಿ ಕೋಲಾಹಲವೆದ್ದಿತು. ಹೆಸರಿನಲ್ಲಿಯೇ ವನಸ್ಪತಿಯೆಂಬ ಮಾತನ್ನು ಧರಿಸಿದ್ದ ಪದಾರ್ಥವನ್ನು ನಂಬಿ ಉಂಡ ಸಸ್ಯಾಹಾರಿ ಕುಟುಂಬಗಳ ಮನಸ್ಸಿಗಾದ ಆಘಾತವನ್ನು ಊಹಿಸಬಹುದು. ಎಳ್ಳೆಣ್ಣೆಯ ಪರೀಕ್ಷೆಯು ತುಪ್ಪವನ್ನು ಕಾಯಬಲ್ಲುದಾಗಿತ್ತೇ ಹೊರತು ವನಸ್ಪತಿಯೊಳಗೆ ಏನು ಸೇರಿದೆಯೆಂಬುದನ್ನು ಹೇಳಲಾರದಾಗಿತ್ತು.

ಸಸ್ಯಾಹಾರವನ್ನು ಸೂಚಿಸುವ ಹಸಿರು ಗುರುತು 2001ರಲ್ಲಿ ನಿಯಮವಾಗಿ ಬಂದಿತು. ಇಂದು ಅದನ್ನು ನೋಡದೆ ಪೊಟ್ಟಣವನ್ನು ಕೊಳ್ಳುವ ಜೈನ ಕುಟುಂಬಗಳು ವಿರಳ. ಆದರೂ ಸಂಕೇತಾಂಕಗಳ ಮರೆಯಲ್ಲಿ ಸಂದೇಹ ಉಳಿಯಿತು. ರುಚಿವರ್ಧಕವಾದ ‘ಇ 631’ ಎಂಬುದು ಮೀನು ಮಾಂಸಗಳಿಂದಲೂ ಬರಬಹುದು, ಸಸ್ಯಮೂಲದಿಂದಲೂ ಆಗಬಹುದು. ಅಂಕೆಯನ್ನು ಓದಿದವನಿಗೆ ಇದು ತಿಳಿಯುವುದಿಲ್ಲ. ಪ್ರತಿಯೊಂದು ಅಂಶವೂ ಸಸ್ಯಮೂಲದ್ದೋ ಪ್ರಾಣಿಮೂಲದ್ದೋ ಎಂಬುದನ್ನು ತಯಾರಕರು ಸಂಕೇತಾಂಕದಿಂದ ಮಾತ್ರವಲ್ಲದೆ ಪೂರ್ಣವಾಗಿ ತಿಳಿಸಬೇಕೆಂದು ದೆಹಲಿಯ ಉಚ್ಚ ನ್ಯಾಯಾಲಯವು 2021ರ ಡಿಸೆಂಬರಿನಲ್ಲಿ ಆದೇಶಿಸಿತು. ತನ್ನ ತಟ್ಟೆಯಲ್ಲಿ ಏನಿದೆಯೆಂದು ತಿಳಿಯುವುದು ಉಣ್ಣುವವನ ಹಕ್ಕೆಂಬುದು ಅದರ ತಾತ್ಪರ್ಯ.

ಇಷ್ಟಾದರೂ ಹಸಿರು ಚುಕ್ಕೆಗೆ ತನ್ನದೇ ಆದ ಮಿತಿಯಿದೆ. ಅದು ಕಂದಮೂಲದ ವಿಷಯವನ್ನು ಹೇಳುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿಯ ಪುಡಿಯಿರುವ ತಿನಿಸಿಗೂ ಅದೇ ಚುಕ್ಕೆ. ಮರ್ಯಾದೆಯ ಮಾತನ್ನಂತೂ ಎತ್ತುವುದೇ ಇಲ್ಲ. ಅನಿಷ್ಟದ ವಿಷಯದಲ್ಲಿಯೂ ಅದು ಮೌನಿ. ಸಕ್ಕರೆ, ಉಪ್ಪು, ಎಣ್ಣೆಗಳಿಂದ ತುಂಬಿದ ತಿನಿಸಿಗೂ ಹಸಿರು ಚುಕ್ಕೆ ನ್ಯಾಯವಾಗಿಯೇ ಲಭಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ 17 ಸೂತ್ರಗಳ ಆಹಾರ ಮಾರ್ಗದರ್ಶಿಯಲ್ಲಿ ಇಂಥ ಅತಿಸಂಸ್ಕರಿತ ಆಹಾರವನ್ನು ಮಿತಗೊಳಿಸಬೇಕೆಂದು ಹೇಳಿದೆ. ಚುಕ್ಕೆಯನ್ನು ನೋಡಿ ನಿಶ್ಚಿಂತರಾಗುವ ನಮ್ಮವರು ಇದನ್ನು ಮನಗಾಣಬೇಕು.

ನಮ್ಮ ಮುಂದಿರುವ ಕರ್ತವ್ಯ

ಬಾಹ್ಯತಪಗಳಲ್ಲಿ ಅವಮೌದರ್ಯವು ಹಸಿವಿಗಿಂತ ಕಡಿಮೆ ಉಣ್ಣುವುದನ್ನೂ, ರಸಪರಿತ್ಯಾಗವು ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪುಗಳನ್ನು ಬಿಡುವುದನ್ನೂ ಬೋಧಿಸುತ್ತವೆ. ಇಂದಿನ ವೈದ್ಯರು ಹೇಳುವ ಮಾತಿಗೂ ಇದಕ್ಕೂ ಹೋಲಿಕೆಯಿದೆಯೆಂದು ಹೆಮ್ಮೆಪಡುವವರುಂಟು. ಆದರೆ ತಪಸ್ಸಿನ ಉದ್ದೇಶ ಕರ್ಮನಿರ್ಜರೆ, ರಕ್ತದೊತ್ತಡದ ನಿವಾರಣೆಯಲ್ಲ. ಎರಡನ್ನೂ ಒಂದೆಂದು ಬಗೆದರೆ, ವೈದ್ಯರ ಉಪದೇಶ ಬದಲಾದ ದಿನ ನಮ್ಮ ವ್ರತವೂ ಅಲುಗಾಡೀತು. ದೇಹಹಿತಕ್ಕೆ ಅನಿಷ್ಟತ್ಯಾಗ, ಆತ್ಮಹಿತಕ್ಕೆ ತಪಸ್ಸು ಎಂಬ ವಿವೇಕವಿದ್ದರೆ ಎರಡೂ ತಮ್ಮ ತಮ್ಮ ಸ್ಥಾನದಲ್ಲಿ ಸುರಕ್ಷಿತವಾಗಿರುತ್ತವೆ.

ಮುನಿಗಳಿಗೆ ಆಹಾರದಾನ ಮಾಡುವ ಶ್ರಾವಕನು ನವಧಾಭಕ್ತಿಯ ಅಂಗವಾಗಿ ತನ್ನ ಮನಸ್ಸು, ಮಾತು, ಕಾಯಗಳೂ ಆಹಾರಜಲಗಳೂ ಶುದ್ಧವಾಗಿವೆಯೆಂದು ಬಾಯಿಬಿಟ್ಟು ನುಡಿಯಬೇಕು. ಆ ನುಡಿಯು ಸತ್ಯವಾಗಬೇಕಾದರೆ ನುಡಿಯುವವನಿಗೆ ಪದಾರ್ಥದ ಮೂಲವೂ ಕಾಲವೂ ಗೊತ್ತಿರಬೇಕು. ಅದಕ್ಕಾಗಿಯೇ ಚೌಕದ ಅಡುಗೆಗೆ ಇಂದಿಗೂ ಮನೆಯಲ್ಲಿ ಬೀಸಿದ ಹಿಟ್ಟು, ಮನೆಯಲ್ಲಿ ಕಾಯಿಸಿದ ತುಪ್ಪವೇ ಬೇಕು. ಮುನಿಗಳಿಗೆ ನೀಡಲಾಗದೆಂದು ನಾವೇ ಬದಿಗಿಡುವ ಪೊಟ್ಟಣವನ್ನು ಅದೇ ದಿನ ನಮ್ಮ ಮಕ್ಕಳ ಕೈಗೆ ಕೊಡುವಾಗ ನಾವು ಯೋಚಿಸುವುದೇ ಇಲ್ಲ. ನಿತ್ಯದ ಅಡುಗೆಯೆಲ್ಲ ಚೌಕದಂತಾಗಬೇಕೆಂದು ಗೃಹಸ್ಥರಿಗೆ ಹೇಳುವುದು ಸಾಧ್ಯವಲ್ಲ. ಪಟ್ಟಣವಾಸಿಗಳು, ಉದ್ಯೋಗಸ್ಥ ಸ್ತ್ರೀಪುರುಷರು ಪೇಟೆಯ ಪದಾರ್ಥವಿಲ್ಲದೆ ಬಾಳುವುದೂ ಕಷ್ಟ. ಆದರೆ ಯಾವುದರಿಂದ ಮಾಡಿದುದು, ಎಂದು ಮಾಡಿದುದು, ದೇಹಕ್ಕೆ ಹಿತವೇ ಎಂಬ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸುವುದು ಯಾವ ಮನೆಗೂ ಅಸಾಧ್ಯವಲ್ಲ.

ಜಿನಬಿಂಬ ಪ್ರತಿಷ್ಠೆಯ ಈ ಪುಣ್ಯಪರ್ವದಲ್ಲಿ ನೆರೆಯುವ ಸಾವಿರಾರು ಶ್ರಾವಕ ಶ್ರಾವಿಕೆಯರಿಗೆ ಸಾಮೂಹಿಕ ಭೋಜನದ ಏರ್ಪಾಡಾಗುತ್ತದೆ. ಆ ಪಂಕ್ತಿಯಲ್ಲಿ ಬಡಿಸುವ ತುಪ್ಪ ಯಾವುದು, ಕರಿದ ಎಣ್ಣೆ ಎಷ್ಟು ಬಾರಿ ಕಾದುದು ಎಂಬ ವಿಚಾರಣೆಯನ್ನು ವ್ಯವಸ್ಥಾಪಕರೇ ಮೊದಲು ಮಾಡಿದರೆ ಸಮಾಜಕ್ಕೆ ಒಂದು ಮೇಲ್ಪಂಕ್ತಿ ದೊರೆಯುತ್ತದೆ.